ಹೆಸರು ಹೇಳುವ ಜಾಗ

ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿನದು ಹಾಲೇಶನ ಎರಡನೆಯ ಚಪ್ಪಲಿ ಅಂಗಡಿ. ಮೊದಲನೆಯದು ಕಡೂರಿನಲ್ಲಿದೆ. ಎರಡಕ್ಕೂ ‘ಕಿರ್ರನ್ನೋ ಜೋಡು’ ಅಂತಲೇ ಹೆಸರು. ಹದಿನಾರು ವರ್ಷದ ಹಿಂದೆ ಅವನನ್ನು ‘ರ‍್ಯಾಪರ್ ಹಾಲಿ’ ಮಾಡಿದ ಹಾಡಿನ ಮಾತು ಅದು. ಯಾರು ಕೇಳಿದರೂ, ಬಸ್ಸಿನಲ್ಲಿ ಕೂತು ಹತ್ತೇ ನಿಮಿಷದಲ್ಲಿ ಬರೆದೆ ಅನ್ನುತ್ತಿದ್ದ. ಹೇಳಿ ಹೇಳಿ, ಕೂತಿದ್ದ ಸೀಟು ಕೂಡ ಅವನಿಗೆ ನೆನಪಿದ್ದಂತಾಗಿತ್ತು.

ಹೊಸ ಅಂಗಡಿಯ ಟೇಪು ಕತ್ತರಿಸಲು ಶಿವನಿ ಊರಿನಿಂದ ಸೋದರಮಾವ ದೊಡ್ಡಬೀರಪ್ಪ, ಅತ್ತೆ ತಿಮ್ಮಕ್ಕ ಬಂದಿದ್ದರು. ಹೊಸಿಲು ದಾಟುವಾಗ ಹಾಲೇಶನ ಹೆಂಡತಿ ಮಾಲಿನಿ ಮದುವೆಮನೆಯಲ್ಲಿ ಮಾಡುವಂತೆ ಅಡ್ಡ ನಿಂತಳು.

“ಅತ್ತೇ, ಯಜಮಾನ್ರ ಹೆಸ್ರು ಹೇಳಿ ಒಳಗ್ ಬನ್ನಿ. ಒಡಪು ಕಟ್ಟಿ ಹೇಳ್ಬೇಕು.”

“ಈ ವಯಸ್ಸಲ್ಲಿ ಏನೇ ನಿಂದು!” ಅಂದರೂ ತಿಮ್ಮಕ್ಕ ಸೆರಗು ಸರಿಮಾಡಿಕೊಂಡಳು.

ಹಾಲೇಶ ತಡೆಯಲು ಒಂದು ಹೆಜ್ಜೆ ಮುಂದಿಟ್ಟ. ಅತ್ತೆಗೆ ಬರುವುದು ಒಂದೇ ಒಡಪು. ಯಾವುದೋ ಮದುವೆಯಲ್ಲಿ ಅದನ್ನು ಕೇಳಿ, ಮಾವನ ಹೆಸರು ತೆಗೆದು ತನ್ನದು ಸೇರಿಸಿ ಹಾಡು ಮಾಡಿದ್ದ. ಅಷ್ಟರಲ್ಲಿ ಮಾಲಿನಿ ಅವನ ಕೈಯಿಂದ ಮೈಕು ಕಸಿದು ಅತ್ತೆಯ ಬಾಯಿಗೆ ಹಿಡಿದಿದ್ದಳು.

“ಹೆಗಲ್ ಮ್ಯಾಲೆ ಕರಿ ಕಂಬ್ಳಿ, ಕಾಲಲ್ಲಿ ಕಿರ್ರನ್ನೋ ಜೋಡು, ಸಂತೇಗ್ ಸಂತೇನೆ ನಿಂತು ಕೇಳ್ತೈತೆ, ಬಂದೋರ್ ಯಾರು ನೋಡು...”

“ಹಾಲೀ!” ನೆರೆದ ಹುಡುಗರೆಲ್ಲ ಕೂಗಿದರು.

ಗಂಡನ ಹೆಸರಿಗೆಂದು ತೆರೆದ ಬಾಯನ್ನು ತಿಮ್ಮಕ್ಕ ಹಾಗೇ ಮುಚ್ಚಿದಳು. ದೊಡ್ಡಬೀರಪ್ಪ ತನ್ನ ಕಾಲು ನೋಡಿಕೊಂಡ.

“ಅಜ್ಜಿ ಹಾಲಿ ಫ್ಯಾನು ಕಣ್ರೋ!” ಅಂದ ಒಬ್ಬ ಹುಡುಗ.

ಇದು ಅವಳದು ಅನ್ನಲು ಎರಡು ಪದ ಸಾಕಿತ್ತು. ಹಾಲೇಶ ಮೈಕು ತೆಗೆದುಕೊಂಡು, “ನಮ್ಮತ್ತೆಗೆ ನನ್ ಹಾಡು ಬಾಯಿಪಾಠ ಕಣ್ರಪ್ಪಾ, ಚಪ್ಪಾಳೆ ಹೊಡೀರಿ!” ಅಂದ.

ಒಳಗೆ ಹೋದ ಮೇಲೆ ತಿಮ್ಮಕ್ಕ ಮೆಲ್ಲಗೆ ಹೇಳಿದಳು: “ಹಾಡ್ಕೊಂಡಿದ್ದಕ್ಕೆ ಬೇಜಾರಿಲ್ಲ ಕಣೋ. ನಿಮ್ಮಾವನ ಹೆಸ್ರು ನಾನು ಇನ್ನೆಲ್ಲೂ ಹೇಳಲ್ಲ, ಅದ್ರಲ್ಲೇ ಹೇಳ್ತಿದ್ದೆ. ಈಗ ಅಲ್ಲೂ ನೀನೇ ಬಂದ್ ಕೂತ್ಬಿಟ್ಟೆ.”

“ಈಗ್ಲೇ ಎಲ್ರಿಗೂ ಹೇಳ್ಬಿಡ್ತೀನಿ ಅತ್ತೆ.”

“ಹೇಳು. ಬ್ಯಾಡ ಅಂದೋರ್ ಯಾರು?”

ಹೊರಗೆ ಬಂದರೆ ಹುಡುಗರು ಹಾಡು, ಹಾಡು ಎಂದು ಗದ್ದಲ ಎಬ್ಬಿಸಿದರು. ಹೇಳುವ ಬದಲು ಹಾಡಿದ. ಹೆಸರಿನ ಜಾಗದಲ್ಲಿ ‘ದೊಡ್ಡಬೀರಪ್ಪ’ ಅಂದ. ಅಷ್ಟು ಸಾಕು, ತಿಳಿದುಕೊಳ್ಳುತ್ತಾರೆ ಅಂದುಕೊಂಡ.

ಹುಡುಗರು ಹೊಟ್ಟೆ ಹಿಡಿದು ನಕ್ಕರು. “ಎಲ್ ಸಿಕ್ತಣ್ಣಾ ಈ ಹೆಸ್ರು? ಹೊಸ ವರ್ಷನ್ನಾ?”

ಮಾವ ಬಾಗಿಲಲ್ಲಿ ನಿಂತು ಅವರು ನಗುವುದನ್ನೇ ನೋಡುತ್ತಿದ್ದ.

“ಹೂಂ ಕಣ್ರೋ,” ಅಂದ ಹಾಲೇಶ, “ಹೊಸದು.”