ವಯಸ್ಸು ಬಿಟ್ಟು ಗಂಟು ನೋಡ್ರಿ

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ಇಟ್ಟುಕೊಂಡಿದ್ದ ದಾದಾಪೀರನಿಗೆ ಒಬ್ಬನೇ ಮಗ, ಅಕ್ರಮ್. ಕಾಲೇಜಿಗೆ ಹೋಗುತ್ತಿದ್ದ. ಮೊಣಕಾಲು ನೋವೆಂದಾಗ ಕಬಡ್ಡಿಯಲ್ಲಿ ಉಳುಕಿರಬೇಕು ಎಂದು ಎಲ್ಲರೂ ಹೇಳಿದರು. ಎಣ್ಣೆ ತಿಕ್ಕಿದರು, ಪಟ್ಟಿ ಕಟ್ಟಿದರು, ನೋವಿನ ಮಾತ್ರೆ ನುಂಗಿಸಿದರು. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಮೂಳೆಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿತ್ತು.

"ಹರೆಯದವರಿಗೂ ಇದು ಬರುತ್ತೆ ಅಂತ ಯಾರಿಗೂ ಹೊಳೆಯೋದಿಲ್ಲಮ್ಮ," ಎಂದಿದ್ದರು ಬೆಂಗಳೂರಿನ ಡಾಕ್ಟರು.

ಮಗನನ್ನು ಮಣ್ಣು ಮಾಡಿ ಬಂದ ಮೇಲೂ ಆ ಮಾತು ತಾಯಿ ಸಾಬಿರಾಳನ್ನು ಬಿಡಲಿಲ್ಲ. ನಲವತ್ತನೆಯ ದಿನದ ಫಾತಿಹಾ ಮುಗಿಯುತ್ತಲೇ ಅವಳು ಅಕ್ರಮ್ ಓದಿದ ಕಾಲೇಜಿಗೆ ಹೋಗಿ, ಹುಡುಗರೊಂದಿಗೆ ಮಾತಾಡಬೇಕೆಂದು ಪ್ರಿನ್ಸಿಪಾಲರನ್ನು ಕೇಳಿಕೊಂಡಳು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಒಂದಿಷ್ಟು ಕನ್ನಡ. ಅಷ್ಟು ಜನರ ಮುಂದೆ ಇವಳೇನು ಹೇಳಿಯಾಳು ಎಂದು ದಾದಾಪೀರನಿಗೆ ಅಳುಕು. ಆದರೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಕಿಟಕಿಯ ಹೊರಗೆ ನಿಂತ. ಒಳಗೆ ಸಾಬಿರಾ ಹುಡುಗರೆದುರು ನಿಂತು ಮಾತು ಶುರುಮಾಡಿದಳು.

"ವಾರಗಟ್ಟಲೆ ನೋವು ಹೋಗ್ಲಿಲ್ಲ ಅಂದ್ರೆ, ಎಲ್ಲಾದ್ರೂ ಗಂಟು ಬೆಳೀತೈತೆ ಅಂದ್ರೆ, ಸುಮ್ನೆ ಸೊರಗ್ತಾ ಬಂದ್ರೆ ಡಾಕ್ಟ್ರ ತಾವ ಹೋಗ್ರಿ. ಕಮ್ಮಿ ಆಗ್ಲಿಲ್ವಾ? ಇನ್ನೊಂದ್ಸಲ ಹೋಗ್ರಿ. ಎಲ್ಲಾ ನೋವೂ ಕ್ಯಾನ್ಸರ್ ಅಲ್ಲ. ಆದ್ರೆ ಅಲ್ಲ ಅಂತ ಪರೀಕ್ಷೆ ಮಾಡಿ ಹೇಳ್ಲಿ."

ಆಮೇಲೆ ಅವಳು ಹಾಸ್ಟೆಲುಗಳಿಗೆ ಹೋದಳು, ಹಳ್ಳಿಗಳಿಗೆ ಹೋದಳು. ಹಳ್ಳಿಯವರು ಅವಳನ್ನು ಬೂಬಮ್ಮ ಎಂದು ಕರೆಯತೊಡಗಿದರು. ಸತ್ತ ಮಗನ ಸುದ್ದಿಯನ್ನು ಊರೂರಿಗೆ ಹೊತ್ತು ತಿರುಗುತ್ತಾಳೆ ಎಂದು ಕೆಲವರು ಆಡಿಕೊಂಡರು. ದಾದಾಪೀರ್ ನೊಂದ. ಅವಳು ಮಾತ್ರ ನಿಲ್ಲಲಿಲ್ಲ.

ಪರಶುರಾಂಪುರದಲ್ಲಿ ಮಾತು ಮುಗಿಸಿದಾಗ ಮಾಲಾ ಎಂಬ ಪಿಯುಸಿ ಹುಡುಗಿ ಮೆಲ್ಲಗೆ ಬಂದು ಕತ್ತು ತೋರಿಸಿದಳು. ನೋವಿಲ್ಲದ ಗಂಟು, ಸಂಜೆಯಾದರೆ ಜ್ವರ, ಸೊರಗಿ ಬಟ್ಟೆಗಳೆಲ್ಲ ಸಡಿಲವಾಗಿದ್ದವು. ಅವಳ ತಾಯಿ ದುರುಗಕ್ಕ ಕೂಲಿಗೆ ಈರುಳ್ಳಿ ಕೊಯ್ಯುತ್ತಿದ್ದಳು. ಸಾಬಿರಾ ಅಲ್ಲಿಗೇ ಹೋಗಿ ಕ್ಯಾನ್ಸರ್ ಎಂದದ್ದೇ ತಡ, ಅವಳು ಸಿಡುಕಿದಳು.

"ಮದುವೆ ಮಾತು ನಡೀತೈತೆ ಬೂಬಮ್ಮ. ಆ ಹೆಸರು ಬಾಯಾಗೆ ತರಬ್ಯಾಡ್ರಿ."

ಸಾಬಿರಾ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ತಾನೂ ಒಂದಷ್ಟು ಈರುಳ್ಳಿಯ ಬಾಲ ಕೊಯ್ದಳು. "ಅದಲ್ದೇ ಇರ್ಲಿ ಅಂತ ನಾನೂ ದುವಾ ಮಾಡ್ತೀನಕ್ಕ. ನನ್ನ ಮಗನಿಗೆ ತಡ ಆಯ್ತು. ನಿನ್ನ ಮಗಳಿಗೆ ಆಗೋದು ಬ್ಯಾಡ."

ಮರುದಿನ ದುರುಗಕ್ಕ ಮಗಳನ್ನು ಕರೆದುಕೊಂಡು ಚಳ್ಳಕೆರೆಯ ಬಸ್ಸು ಹತ್ತಿದಳು. ಅಲ್ಲಿ ಸಾಬಿರಾ, ದಾದಾಪೀರ್ ಜೊತೆಯಾದರು.

ಚಳ್ಳಕೆರೆಯ ಡಾಕ್ಟರ್ ಸೋಮಶೇಖರಪ್ಪನವರ ಮುಂದೆ ಜನವೋ ಜನ. "ಇನ್ನೂ ಸಣ್ಣ ವಯಸ್ಸು, ಸೋಂಕಿರಬೇಕು," ಎಂದು ಮಾಲಾಳ ಹಳೆಯ ಚೀಟಿ ನೋಡಿ ಅದೇ ಮಾತ್ರೆಯನ್ನು ಬರೆದರು. ಸಾಬಿರಾ ಕುರ್ಚಿ ಬಿಟ್ಟು ಏಳಲಿಲ್ಲ.

"ಹೋದ ತಿಂಗಳೂ ಇದೇ ತಿಂದಾಳೆ ಸಾರ್. ಗಂಟು ದೊಡ್ಡದಾಗೈತೆ. ವಯಸ್ಸು ಬಿಟ್ಟು ಗಂಟು ನೋಡ್ರಿ."

ಬಾಗಿಲಲ್ಲಿದ್ದ ದಾದಾಪೀರ್, ಈಗ ಬೈಯುತ್ತಾರೆ ಎಂದುಕೊಂಡ. ಡಾಕ್ಟರು ಪೆನ್ನು ಕೆಳಗಿಟ್ಟು, ಎದ್ದು ಬಂದು, ಮಾಲಾಳ ಕತ್ತು, ಕಂಕುಳನ್ನು ಸಾವಕಾಶವಾಗಿ ಒತ್ತಿ ನೋಡಿದರು. "ದಾವಣಗೆರೆಗೆ ಹೋಗಿ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಲಿ," ಎಂದರು.

ಅದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಹೆಚ್ಚು ಹರಡಿರಲಿಲ್ಲ, ವಾಸಿಯಾಗುವ ಭರವಸೆಯಿತ್ತು. ಬೆಂಗಳೂರಿನ ಚಿಕಿತ್ಸೆಯಲ್ಲಿ ಮಾಲಾಳ ಕೂದಲು ಉದುರಿತು, ಅನ್ನದ ವಾಸನೆಯೂ ಸೇರದಾಯಿತು. ಪ್ರತಿ ಸಲವೂ ಸಾಬಿರಾ ಜೊತೆಗೆ ಹೋದಳು. ತಾನು ಮಗನನ್ನು ಕಳೆದುಕೊಂಡ ಅದೇ ಆಸ್ಪತ್ರೆಯ ಮೆಟ್ಟಿಲನ್ನು ಅವಳು ಮತ್ತೆ ಮತ್ತೆ ಹತ್ತುವುದನ್ನು ಕಂಡು, ಇಷ್ಟು ಗಟ್ಟಿ ಹೆಂಗಸಿನೊಡನೆ ಇಷ್ಟು ವರ್ಷ ಬಾಳಿಯೂ ತಾನು ಅವಳನ್ನು ಅರಿತಿರಲಿಲ್ಲವಲ್ಲ ಎನಿಸಿತು ದಾದಾಪೀರನಿಗೆ.

ಮಾಲಾ ಚೇತರಿಸಿಕೊಂಡಳು. ಮೊಳಕಾಲ್ಮೂರಿನಲ್ಲಿ ಡಾಕ್ಟರು, ನರ್ಸುಗಳ ಸಭೆ ನಡೆದಾಗ ಸೋಮಶೇಖರಪ್ಪನವರೇ ಸಾಬಿರಾಳನ್ನೂ ಅವಳನ್ನೂ ಕರೆಸಿದರು. ಕಿವಿಯವರೆಗೆ ಬೆಳೆದ ಕೂದಲಿಗೆ ಕ್ಲಿಪ್ಪು ಹಾಕಿಕೊಂಡು ಮಾಲಾ ವೇದಿಕೆಗೆ ಬಂದಳು. "ಕ್ಯಾನ್ಸರ್ ಅಂತ ಗೊತ್ತಾದಾಗ ಹೆದರಿಕೆ ಆಗಲಿಲ್ವೇನಮ್ಮ?" ಎಂದು ಯಾರೋ ಕೇಳಿದರು.

"ಆಗಿತ್ತು ಸಾರ್," ಎಂದಳು ಮಾಲಾ. "ಆದ್ರೆ ಬೂಬಮ್ಮ ಪಕ್ಕದಾಗೇ ಕುಂತಿದ್ರು."