ತೋಳಿನ ಹೊಲಿಗೆ

"ಏಯ್ ಹಡಬೆ, ದಾರ ಪೋಣಿಸ್ಬೇಡ ಅಂದೆ ತಾನೆ! ಕಿವಿಗೇನು ಸೀಸ ಹುಯ್ಕೊಂಡಿದೀಯಾ?"

ಸೂಪರ್‌ವೈಸರ್ ಮೆಷಿನ್ನಿನ ಮೇಲಿದ್ದ ರೀಲನ್ನು ಕಿತ್ತು ತೋಳಿನಕ್ಕನ ಮಡಿಲಿಗೆ ಎಸೆದ.

"ದಾರ ಇಲ್ದೆ ಹೆಂಗೆ ಸಾರ್ ಹೊಲಿಯೋದು?"

"ನಿನ್ಗೆ ಹೊಲಿ ಅಂದೋರ್ಯಾರು? ಕಾಲು ಒತ್ತು, ಸೂಜಿ ಕುಣೀಲಿ. ಅಂಗಿ ಪಕ್ಕದಲ್ಲಿ ಸರಿಸ್ತಾ ಇರು. ಅಂಗಡಿಗೆ ವಾಪಸ್ ಹೋಗ್ಬೇಕಾದ ಮಾಲು ಅದು. ಒಂದು ತೂತು ಬಿತ್ತೋ, ಚರ್ಮ ಸುಲೀತೀನಿ."

ಇದೇ ಶೆಡ್ಡಿನ ಹಳೆಯ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಅವಳು ಹೊಲಿದದ್ದು ಬರೀ ತೋಳು. ಎಲ್ಲರಿಗೂ ತೋಳಿನಕ್ಕ ಆದದ್ದು ಹಾಗೆ. ಕಾಲರು ಒಬ್ಬಳದು, ಜೇಬು ಇನ್ನೊಬ್ಬಳದು, ಗುಂಡಿ ಅವಳ ನಾದಿನಿಯದು. ಹನ್ನೊಂದು ತಿಂಗಳ ಹಿಂದೆ ಮಾಲೀಕ ಗೇಟಿಗೆ ಬೀಗ ಜಡಿದು, ಕೂಲಿ ಇನ್ನೂ ಅಗ್ಗವಿರುವ ಕಡೆಗೆ ಮೆಷಿನ್ನು ಸಾಗಿಸಿದ. ಅಂದಿನಿಂದ ತೋಳಿನಕ್ಕ ಹೊಸ ಮಾಲ್‌ನಲ್ಲಿ ಕಕ್ಕಸು ತೊಳೆಯುತ್ತಿದ್ದಳು.

ಕಳೆದ ವಾರ ಸೂಪರ್‌ವೈಸರ್ ಓಣಿಗೇ ಬಂದಿದ್ದ. ಹೊಸ ಕಂಪನಿ, ಮಂತ್ರಿ ಉದ್ಘಾಟನೆ, ಒಂದು ದಿನ ಬಾಯಿ ಮುಚ್ಚಿಕೊಂಡು ಕೂತರೆ ಸೋಮವಾರದಿಂದ ಖಾಯಂ ಕೆಲಸ. "ಇವತ್ತು ಬರ್ಲಿಲ್ಲಾಂದ್ರೆ ನಾಳೆನೂ ಬರ್ಬೇಡ" ಎಂದಿದ್ದ ಬೆಳಿಗ್ಗೆ ರಜೆ ಕೇಳಿದಾಗ ಮಾಲ್‌ನ ಕಂಟ್ರಾಕ್ಟರು. ಆದರೂ ಅವಳು ಇಲ್ಲಿಗೇ ಬಂದಳು. ಸೊಂಟದಲ್ಲಿ ಒಂದು ರೀಲು, ದಾರ ಸುತ್ತಿದ ಎರಡು ಬಾಬಿನ್ನು. ಬಾಬಿನ್ನಿಗೆ ದಾರ ಸುತ್ತುವುದು ಹಳೆಯ ಫ್ಯಾಕ್ಟರಿಯಲ್ಲಿ ಕೆಲಸದ ಲೆಕ್ಕಕ್ಕಿರಲಿಲ್ಲ. ಎಲ್ಲರೂ ಊಟ ಬಿಟ್ಟು ಸುತ್ತಿಟ್ಟುಕೊಳ್ಳುತ್ತಿದ್ದರು. ಆ ಅಭ್ಯಾಸ ಹೋಗಿರಲಿಲ್ಲ.

ಹೊರಗಿನ ಬೋರ್ಡು ಸಾವಿರದ ಇನ್ನೂರು ಉದ್ಯೋಗ ಎನ್ನುತ್ತಿತ್ತು. ಒಳಗೆ ಕೂತವರು ನಲವತ್ತು.

"ಮಿಕ್ಕೋರೆಲ್ಲ ಎಲ್ಲಿ ಅತ್ತಿಗೆ?" ಎಂದಳು ನಾದಿನಿ.

"ಒಂದಕ್ಕೆ ಹೋಗಿರ್ಬೇಕು. ನಮ್ಗಂತೂ ಬಿಡ್ತಿರ್ಲಿಲ್ಲ, ಅವರಿಗಾದ್ರೂ ಬಿಟ್ಟವ್ರಲ್ಲ!"

ಹಗ್ಗ ಹೊತ್ತ ಹಮಾಲಿಯೊಬ್ಬ ಸಾಲಿನ ನಡುವೆ ನುಸುಳಿ ಬಂದ.

"ಅಕ್ಕಾ, ಐದಕ್ಕೆಲ್ಲ ಎದ್ದುಬಿಡಿ. ಮೆಷಿನ್ನು ಲಾರಿಗೆ ಏರಿಸ್ಬೇಕು. ಬಾಡಿಗೆ ಮಾಲು."

"ಸೋಮವಾರ ಮತ್ತೆ ತರ್ತೀಯೇನಪ್ಪ?"

"ಸೋಮವಾರ ಇವು ಬೇರೆ ಊರಲ್ಲಿ. ಅಲ್ಲೂ ಉದ್ಘಾಟನೆ ಅಂತೆ."

ತೋಳಿನಕ್ಕ ಎದ್ದು ಸೂಪರ್‌ವೈಸರ್ ಮುಂದೆ ನಿಂತಳು. "ಸಾರ್, ಸೋಮವಾರದ ಮಾತು ನಿಜಾನಾ? ಇದ್ದ ಕೆಲಸಾನೂ ಕಳ್ಕೊಂಡು ಬಂದಿದೀನಿ."

"ನಿನ್ನಂಥ ಮುದಿಗೊಡ್ಡು ಕಟ್ಕೊಂಡು ಯಾವ ಕಂಪನಿ ಉದ್ಧಾರ ಆಗುತ್ತೆ? ಊಟ ಹಾಕಿದ್ವಲ್ಲ, ತಿಂದ್ಯಲ್ಲ? ಹೋಗಿ ಕೂತ್ಕೋ. ಮೊದಲ್ನೇ ಮೆಷಿನ್ನು ನಿಂದು. ಮಂತ್ರಿ ಸಾಹೇಬ್ರು ನಿನ್ನ ಕೈಯಿಂದಲೇ ಅಂಗಿ ತಗೊಂಡು ಹಾಕ್ಕೋತಾರೆ. ನಗ್ತಾ ಕೊಡು."

ಅವಳು ಹೋಗಿ ಕೂತಳು.

ಹೊರಗೆ ಕಾರುಗಳು ನಿಂತವು. ಸೂಪರ್‌ವೈಸರ್ ಹಾರ ಹಿಡಿದು ಓಡಿದ. ಮೈಕಿನಲ್ಲಿ ಮಂತ್ರಿಯ ದನಿ: ಐದೇ ವರ್ಷಕ್ಕೆ ಈ ನಗರ ದುಪ್ಪಟ್ಟು ಬೆಳೆದಿದೆ, ಇನ್ನು ಇಲ್ಲಿ ಖಾಲಿ ಕೈ ಎಂಬುದೇ ಇರುವುದಿಲ್ಲ.

ತೋಳಿನಕ್ಕ ಸೊಂಟದಿಂದ ಒಂದು ಬಾಬಿನ್ನು ತೆಗೆದು ಸೂಜಿಯ ಕೆಳಗಿನ ಗೂಡಿನಲ್ಲಿ ಕೂರಿಸಿದಳು. ಮಡಿಲಿನ ರೀಲನ್ನು ಮೇಲಿಟ್ಟು, ದಾರದ ತುದಿಯನ್ನು ಎಂಜಲು ಮಾಡಿ ಪೋಣಿಸಿದಳು. ಒಮ್ಮೆಗೇ ಹೋಯಿತು. ಕಾಲು ಒತ್ತಿದಳು. ದಾರ ಕಚ್ಚಿದ ಮೆಷಿನ್ನಿನ ಸದ್ದೇ ಬೇರೆ. ಮೂವತ್ತೊಂಬತ್ತು ಮೆಷಿನ್ನುಗಳ ಗದ್ದಲದಲ್ಲೂ ಅದು ಕೇಳಿ ನಾದಿನಿ ತಿರುಗಿ ನೋಡಿದಳು.

ಅಂಗಿಯ ಬಲತೋಳು, ಮೊಣಕೈ ಹತ್ತಿರ, ಅಡ್ಡಡ್ಡ ಮೂರು ಸಾಲು. ಎಡತೋಳು, ಮೂರು ಸಾಲು. ದಾರವನ್ನು ಹಲ್ಲಲ್ಲಿ ಕಡಿದು ಅಂಗಿ ಮಡಚಿಟ್ಟಳು.

ಮಂತ್ರಿ ಬಂದ. ಹಿಂದೆ ಕ್ಯಾಮೆರಾಗಳ ಹಿಂಡು.

"ನೀನೇ ಹೊಲಿದದ್ದೇನಮ್ಮ?"

"ಹ್ಞೂ ಸ್ವಾಮಿ. ತೋಳು ನಂದೇ." ನಕ್ಕೇ ಕೊಟ್ಟಳು.

ಮಂತ್ರಿ ಬಲಗೈ ತೂರಿಸಿದ. ಕೈ ಅರ್ಧಕ್ಕೆ ನಿಂತಿತು. ಕ್ಯಾಮೆರಾ ಕಡೆ ಹಲ್ಲು ಬಿಡುತ್ತಲೇ ಇನ್ನೊಮ್ಮೆ ಒತ್ತಿದ. ಎಡಗೈಯೂ ಸಿಕ್ಕಿಕೊಂಡಿತು. ಮೊಂಡುಗೈಯವನಂತೆ ನಿಂತ. ಯಾರೋ ತೋಳು ಹಿಡಿದು ಎಳೆದರು. ಹೊಲಿಗೆ ಬಿಡಲಿಲ್ಲ.

"ಜೋರಾಗಿ ಎಳೀರಿ" ಎಂದಳು ತೋಳಿನಕ್ಕ. "ಹತ್ತೊಂಬತ್ತು ವರ್ಷದಲ್ಲಿ ನನ್ ಹೊಲಿಗೆ ಬಿಚ್ಚೋಯ್ತು ಅಂತ ಒಂದಂಗೀನೂ ವಾಪಸ್ ಬಂದಿಲ್ಲ."

"ಮುಂಡೇ, ಏನೇ ಮಾಡ್ದೆ!" ಸೂಪರ್‌ವೈಸರ್ ಅವಳ ರಟ್ಟೆಗೆ ಕೈ ಹಾಕಿದ.

ಒಂದೊಂದಾಗಿ ಮೆಷಿನ್ನುಗಳು ನಿಂತವು. ಹೊರಗೆ ಲಾರಿ ಹಿಂದಕ್ಕೆ ಸರಿದು ಬಾಗಿಲಿಗೆ ಆನಿಕೊಳ್ಳುತ್ತಿತ್ತು. ನಾದಿನಿ ತನ್ನ ಮುಂದಿದ್ದ ಅಂಗಿಯನ್ನು ಸೂಜಿಯ ಕೆಳಗೆ ಸರಿಸಿಕೊಂಡು ಕೈ ಚಾಚಿದಳು.

"ಅತ್ತಿಗೆ, ಆ ರೀಲೂ ಇನ್ನೊಂದು ಬಾಬಿನ್ನೂ ಇತ್ತ ಕೊಡು."