ಹಾಜರಿಗೆ ಎರಡು ಪಟ್ಟು

ಬಸವಾಪಟ್ಟಣದ ಮಹಿಳಾ ಸಂಘಕ್ಕೆ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಯಂತ್ರ ಬಂತು. ಯಂತ್ರ ಒಂದೇ, ಕೇಳಿದವರು ಇಬ್ಬರು: ಮಜೀದಾ ಮತ್ತು ವನಜಾಕ್ಷಿ. ಹಿಂದೆಲ್ಲ ಇಂಥದ್ದನ್ನು ಹೆಂಗಸರು ಕೂತು, ಜಗಳಾಡಿ, ಚಹಾ ಕುಡಿದು ತೀರ್ಮಾನಿಸುತ್ತಿದ್ದರು. ಅಧ್ಯಕ್ಷೆ ಶಿವಲೀಲಾಗೆ ಅದು ಹಿಡಿಸಲಿಲ್ಲ. ಚನ್ನಗಿರಿಯ ತರಬೇತಿಯಲ್ಲಿ ಅಂಕ ಹಾಕಿ ಆಯ್ಕೆ ಮಾಡುವುದನ್ನು ಕಲಿತು ಬಂದಿದ್ದಳಲ್ಲ! ಬಡತನಕ್ಕಿಷ್ಟು, ಅನುಭವಕ್ಕಿಷ್ಟು, ಜಾಗಕ್ಕಿಷ್ಟು. ಸಭೆಯ ಹಾಜರಿಗೆ ಮಾತ್ರ ಎರಡು ಪಟ್ಟು. ಸಂಘ ಅಂದಮೇಲೆ ಶಿಸ್ತು ಬೇಡವೇ ಎಂದಿದ್ದಳು.

ಮಜೀದಾ ಕಂಡವರ ಅಂಗಳದಲ್ಲಿ ಅಡಿಕೆ ಸುಲಿದು ಬದುಕುವವಳು. ಯಂತ್ರ ಸಿಕ್ಕರೆ ತನ್ನ ಮನೆಯಲ್ಲೇ ದುಡಿಮೆ. ಆಸೆಯಿಂದ ಜಗಲಿ ಖಾಲಿ ಮಾಡಿಟ್ಟಿದ್ದಳು. ವನಜಾಕ್ಷಿಗೆ ಅಂಗಡಿಗಳ ಬಾಡಿಗೆ ಬರುತ್ತಿತ್ತು.

ಸಭೆಯ ಹಿಂದಿನ ದಿನ ಕೂಡಿಸಿ ನೋಡಿದರೆ ವನಜಾಕ್ಷಿಯೇ ಮುಂದೆ. ಶಿವಲೀಲಾ ಇದನ್ನು ಎಣಿಸಿರಲಿಲ್ಲ. ಹಾಜರಿಯನ್ನು ಒಂದೇ ಪಟ್ಟು ಮಾಡಿ ನೋಡಿದಳು. ಮಜೀದಾ ಮುಂದೆ ಬಂದಳು. ಅಂದರೆ ಯಾರು ಗೆಲ್ಲಬೇಕೆಂಬುದು ಇಷ್ಟು ಹೊತ್ತೂ ತನ್ನ ಕೈಯಲ್ಲೇ ಇತ್ತು. ಈಗ ಬದಲಿಸಿದರೆ ಪಕ್ಷಪಾತ ಅನ್ನುತ್ತಾರೆಂದು ಹೆದರಿ ಮೊದಲಿನದನ್ನೇ ಉಳಿಸಿದಳು.

ಮರುದಿನ ಸಭೆಯಲ್ಲಿ ಅಂಕ ಓದಿದಾಗ ಹಿರಿಯಳಾದ ಭೀಮಕ್ಕ ತಡೆದುಕೊಳ್ಳಲಿಲ್ಲ.

"ಇದೆಂಗವ್ವ? ಮಜೀದಾ ಯಾಕೆ ಮೀಟಿಂಗ್ ತಪ್ಪಿಸಿದ್ಲು ಅಂತ ನಿಂಗೆ ಗೊತ್ತಿಲ್ಲೇನು? ನಿಮ್ಮವ್ವ ಕಾಲು ಮುರ್ಕೊಂಡು ಆಸ್ಪತ್ರೇಲಿ ಮಲಗಿದ್ದಾಗ ಪಕ್ಕದಾಗೆ ಕುಂತಿದ್ದು ಯಾರು? ನೀನಿಲ್ದೆ ಮೀಟಿಂಗ್ ನಿಂತೋಗ್ತೈತೆ ಅಂತ ತಾನೇ ಅಕಿ ಆಸ್ಪತ್ರೆಗೆ ಹೋಗ್ತಿದ್ದಿದ್ದು!"

ಶಿವಲೀಲಾಗೆ ಗೊತ್ತಿತ್ತು. ಅದಕ್ಕೆ ಅಂಕ ಕೊಡುವ ಕಲಂ ಇರಲಿಲ್ಲ, ಅಷ್ಟೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ತಪ್ಪಾಯಿತು ಅಂದುಬಿಡಬಹುದಿತ್ತು.

"ಎಲ್ಲರಿಗೂ ಒಂದೇ ನಿಯಮ ಕಣ್ರಿ," ಅಂದಳು. ಹಾಗಂದ ತನ್ನ ದನಿಯೇ ಅವಳಿಗೆ ಅಸಹ್ಯವಾಯಿತು.

ವನಜಾಕ್ಷಿ ಆಟೋದಲ್ಲಿ ಯಂತ್ರ ಹೇರಿಸಿಕೊಂಡು ಹೋದಳು. ಉಳಿದವರು ಶಿವಲೀಲಾಗೆ ಮುಖ ಕೊಡದೆ ಚದುರಿದರು. ಮಜೀದಾ ಮಾತ್ರ ಬಾಗಿಲಲ್ಲಿ ಕಾಯುತ್ತಿದ್ದಳು. ಇವಳು ಬೈದರೆ ಸಾಕಪ್ಪಾ ಎಂದುಕೊಂಡು ಶಿವಲೀಲಾ ಹತ್ತಿರ ಹೋದಳು.

"ಅಕ್ಕಾ, ಮುಂದಿನ ಮಂಗಳವಾರ ನಿಮ್ಮ ಅಮ್ಮಾರ ಕಾಲು ಡಾಕ್ಟರಿಗೆ ತೋರ್ಸಾಕೆ ಹೋಗ್ಬೇಕಲ್ರಿ? ನಾನೇ ಕರ್ಕೊಂಡು ಹೋಗ್ತೀನಿ. ಅವತ್ತು ಮೀಟಿಂಗ್ ಐತೆ, ನೀವು ತಪ್ಪಿಸಬ್ಯಾಡ್ರಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಶಿವಲೀಲಾಗೆ. ಬೇಡ ಅನ್ನಲೆಂದೇ ಬಾಯಿ ತೆರೆದಳು.

"ಹೂಂ, ಹೋಗಿ ಬಾ," ಅಂದಳು.